ಎರಡು ಸಲ ಮಡಿದ ಕೀಚಕ



ಕೀಚಕನ ಕಥೆಯನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ವಿರಾಟನಗರದ ನರ್ತನಶಾಲೆ, ನಡುರಾತ್ರಿಯ ಕತ್ತಲು, ಸೈರಂಧ್ರಿಯ ಬದಲಿಗೆ ಸೆರಗು ಹೊದ್ದು ಕಾದಿರುವ ಭೀಮ, ಗಂಧ ಪೂಸಿಕೊಂಡು ಬರುವ ಕೀಚಕ. ಮಳೆ ಹೋದ ವರ್ಷ ಊರವರು ಗುಡಿಯಲ್ಲಿ ಸೇರಿ ವಿರಾಟಪರ್ವ ಓದಿಸುವ ಪದ್ಧತಿ ನಮ್ಮ ನಾಡಿನಲ್ಲಿತ್ತು. ಬಯಲಾಟದ ಅಟ್ಟದ ಮೇಲೆ ಭೀಮ ಬಂದನೆಂದರೆ ನಿದ್ದೆಗಣ್ಣಿನ ಹುಡುಗರೂ ಎದ್ದು ಕೂಡುತ್ತಿದ್ದರು. ಭೀಮನನ್ನೇ ತನ್ನ ಕಾವ್ಯದ ನಾಯಕನನ್ನಾಗಿ ಮಾಡಿಕೊಂಡ ರನ್ನನ ಮುಧೋಳ ಗೋಕಾಕ, ಮೂಡಲಗಿಗಳಿಂದ ದೂರದ ಊರೇನಲ್ಲ. ಒಟ್ಟಿನಲ್ಲಿ ಭೀಮ ಈ ಸೀಮೆಗೆ ಮನೆಯವನೇ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಕಥೆಯನ್ನು ಮೂಕಿಚಿತ್ರವಾಗಿ ತೆಗೆದ ಇಬ್ಬರ ಬಗ್ಗೆ. ಒಬ್ಬರು ಮದ್ರಾಸಿನ ನಟರಾಜ ಮೊದಲಿಯಾರ್. ಇನ್ನೊಬ್ಬರು ಕೊಲ್ಲಾಪುರದ ಬಾಬುರಾವ್ ಪೇಂಟರ್. ಎರಡು ಮೂರು ವರ್ಷಗಳ ಅಂತರದಲ್ಲಿ ಇಬ್ಬರೂ ಕೀಚಕನನ್ನು ಪಡದೆಯ ಮೇಲೆ ಕೊಂದರು. ಆ ಎರಡು ಚಿತ್ರಗಳಲ್ಲಿ ಒಂದೂ ಇವತ್ತು ನಮ್ಮ ಕೈಯಲ್ಲಿಲ್ಲ. ಕಾಣಿಸದ ಬಾನುಲಿಯಲ್ಲಿ ಕೇಳಿಸದ ಸಿನಿಮಾದ ಬಗ್ಗೆ ಮಾತಾಡುವುದು ಸ್ವಲ್ಪ ವಿಚಿತ್ರವೇ. ಆದರೆ ನೋಡಲು ಚಿತ್ರವೇ ಇಲ್ಲವಾದ ಮೇಲೆ ಮಾತಿನಲ್ಲಿ ಹೇಳುವುದು ಬಿಟ್ಟು ಬೇರೆ ದಾರಿಯಾದರೂ ಏನಿದೆ?

ಮೊದಲು ದಾರಿಯ ಮಾತು. ಬೆಳಗಾವಿ ಬಿಟ್ಟು ಉತ್ತರಕ್ಕೆ ಹೊರಟರೆ ಕಾಕತಿ, ವಂಟಮುರಿ, ಯಮಕನಮರಡಿ, ಸಂಕೇಶ್ವರ, ನಿಪ್ಪಾಣಿ, ಕಾಗಲ, ಆಮೇಲೆ ಕೊಲ್ಲಾಪುರ. ಯಮಕನಮರಡಿಯಿಂದ ಎರಡು ತಾಸು ಬೇಕಾಗಿಲ್ಲ. ಹುಕ್ಕೇರಿ ಕಡೆಯವರಿಗೆ ಅಂಬಾಬಾಯಿಯ ದರ್ಶನಕ್ಕೆ, ಜೋತಿಬಾನ ಜಾತ್ರೆಗೆ, ಬೆಲ್ಲದ ಪೇಟೆಗೆ, ಕುಸ್ತಿ ನೋಡಲಿಕ್ಕೆ, ಚಪ್ಪಲಿ ಕೊಳ್ಳಲಿಕ್ಕೆ ಕೊಲ್ಲಾಪುರವೇ ಊರು. ಮೂಕಿಗಳ ಕಾಲದಲ್ಲಿ ಬೆಂಗಳೂರು ಇನ್ನೊಂದು ರಾಜ್ಯದ ಪಟ್ಟಣ. ಈ ಸೀಮೆ ಮುಂಬೈ ಪ್ರಾಂತಕ್ಕೆ ಸೇರಿತ್ತು, ಕೊಲ್ಲಾಪುರಕ್ಕೆ ಅದರದೇ ಮಹಾರಾಜರಿದ್ದರು. ಹಾಗಾಗಿ ಕನ್ನಡ ಸಿನಿಮಾದ ಇತಿಹಾಸವನ್ನು ಬೆಂಗಳೂರಿನಿಂದಲೇ ಶುರು ಮಾಡುವ ನಮ್ಮ ಪುಸ್ತಕಗಳ ರೂಢಿ, ಈ ರಸ್ತೆಯ ಮೇಲಿನ ಊರುಗಳ ಮಟ್ಟಿಗೆ ಸರಿಹೊಂದುವುದಿಲ್ಲ. ಇಲ್ಲಿಗೆ ಹತ್ತಿರದಲ್ಲಿ ಸಿನಿಮಾ ಹುಟ್ಟಿದ್ದು ಕೊಲ್ಲಾಪುರದಲ್ಲಿ. ಅದೂ ಮಾತಿಲ್ಲದ ಸಿನಿಮಾ. ಮಾತೇ ಇಲ್ಲದ ಮೇಲೆ ಅದು ಮರಾಠಿಯೂ ಅಲ್ಲ, ಕನ್ನಡವೂ ಅಲ್ಲ, ನೋಡಿದವರದು.

ಸಿನಿಮಾಕ್ಕೂ ಮುಂಚೆ ಕೀಚಕ ನಾಟಕದಲ್ಲಿ ಒಂದು ಗದ್ದಲ ಎಬ್ಬಿಸಿದ್ದ. 1907ರಲ್ಲಿ ಕೃಷ್ಣಾಜಿ ಪ್ರಭಾಕರ ಖಾಡಿಲಕರರು ಮರಾಠಿಯಲ್ಲಿ 'ಕೀಚಕವಧ' ಎಂಬ ನಾಟಕ ಬರೆದರು. ಖಾಡಿಲಕರರು ಲೋಕಮಾನ್ಯ ಟಿಳಕರ ಆಪ್ತರು, 'ಕೇಸರಿ' ಪತ್ರಿಕೆಯಲ್ಲಿ ಕೆಲಸ ಮಾಡಿದವರು. ಬಂಗಾಳ ವಿಭಜನೆಯಾಗಿ ಎರಡೇ ವರ್ಷವಾಗಿತ್ತು. ನಾಟಕದ ಕೀಚಕನಲ್ಲಿ ಜನ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್‌ನನ್ನು ಕಂಡರು. ಸೈರಂಧ್ರಿ ಭಾರತಮಾತೆಯಾದಳು, ತಾಳ್ಮೆಯ ಮಾತಾಡುವ ಧರ್ಮರಾಯ ಮಂದಗಾಮಿಯಾದ, ಭೀಮ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಸರ್ಕಾರಕ್ಕೂ ಅರ್ಥವಾಯಿತು. 1910ರಲ್ಲಿ ನಾಟಕವನ್ನು ನಿಷೇಧಿಸಿತು. ಮಹಾಭಾರತವನ್ನಂತೂ ನಿಷೇಧಿಸುವ ಹಾಗಿರಲಿಲ್ಲ. ಕೀಚಕ ಮತ್ತೆ ಬರಲಿಕ್ಕೆ ಆ ಸಂದು ಸಾಕಾಯಿತು.

ಅವನು ಮೊದಲು ಬಂದದ್ದು ಮದ್ರಾಸಿನಲ್ಲಿ. ನಟರಾಜ ಮೊದಲಿಯಾರರು ಮೋಟಾರು ಕಾರು ಮತ್ತು ಬಿಡಿಭಾಗಗಳ ವ್ಯಾಪಾರಿ. 'ರಾಜಾ ಹರಿಶ್ಚಂದ್ರ' ತೆಗೆದ ಫಾಲ್ಕೆಯವರ ಚಿತ್ರಗಳನ್ನು ನೋಡಿ ತಾವೂ ಸಿನಿಮಾ ತೆಗೆಯಬೇಕೆಂಬ ಹುಚ್ಚು ಹತ್ತಿಸಿಕೊಂಡರು. ಕ್ಯಾಮೆರಾ ತಿರುಗಿಸುವುದನ್ನು ಪುಣೆಯಲ್ಲಿ ಒಬ್ಬ ಇಂಗ್ಲಿಷ್ ಛಾಯಾಗ್ರಾಹಕನ ಕೈಕೆಳಗೆ ಕಲಿತರು. ಆ ಛಾಯಾಗ್ರಾಹಕ ಸ್ವತಃ ಲಾರ್ಡ್ ಕರ್ಜನ್‌ನ ಆಡಳಿತವನ್ನು ಚಿತ್ರೀಕರಿಸಿದ್ದವನು! ಕರ್ಜನ್‌ನನ್ನು ತೋರಿಸಿದ ಕೈಯಿಂದ ಕಲಿತ ವಿದ್ಯೆಯಲ್ಲಿ ಮೊದಲಿಯಾರರು ತೆಗೆದದ್ದು ಕೀಚಕವಧೆ. ಇದನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಕಿಲ್ಪಾಕಿನ ಮಿಲ್ಲರ್ಸ್ ರಸ್ತೆಯಲ್ಲಿ 'ಇಂಡಿಯಾ ಫಿಲ್ಮ್ ಕಂಪನಿ' ತೆರೆದರು. ನಾಟಕಕಾರ ಪಮ್ಮಲ್ ಸಂಬಂಧ ಮೊದಲಿಯಾರರು ಬೆನ್ನಿಗೆ ನಿಂತರು. ರಾಜಾ ಮೊದಲಿಯಾರ್ ಕೀಚಕ, ಜೀವರತ್ನಂ ದ್ರೌಪದಿ. 1917-18ರ ಹೊತ್ತಿಗೆ ಆರು ಸಾವಿರ ಅಡಿಯ 'ಕೀಚಕ ವಧಂ' ಸಿದ್ಧವಾಯಿತು. ಒಂದು ಅಡಿ ಫಿಲ್ಮಿನಲ್ಲಿ ಹದಿನಾರು ಚೌಕಟ್ಟು, ಕೈಯಿಂದ ಸೆಕೆಂಡಿಗೆ ಸುಮಾರು ಹದಿನಾರು ಚೌಕಟ್ಟು ಓಡುವಂತೆ ತಿರುಗಿಸಿದರೆ ಒಂದೂವರೆ ತಾಸಿಗೂ ಮಿಕ್ಕಿದ ಆಟ. ದಕ್ಷಿಣ ಭಾರತದಲ್ಲಿ ತಯಾರಾದ ಮೊದಲ ಕಥಾಚಿತ್ರವೆಂದು ಎಲ್ಲರೂ ಒಪ್ಪುವುದು ಇದನ್ನೇ.

ಈ ಚಿತ್ರದಲ್ಲಿ ಕರ್ನಾಟಕದ್ದೂ ಒಂದು ಪಾಲಿದೆ. ಮದ್ರಾಸಿನ ಸೆಕೆಯಲ್ಲಿ ಫಿಲ್ಮು ತೊಳೆಯುವುದು ಕಷ್ಟದ ಕೆಲಸ. ರಾಸಾಯನಿಕದ ನೀರು ಬೆಚ್ಚಗಾದರೆ ಫಿಲ್ಮಿನ ಮೇಲಿನ ಲೇಪ ಮೆತ್ತಗಾಗಿ ಕಿತ್ತು ಬರುತ್ತದೆ. ಅದಕ್ಕೆ ಮೊದಲಿಯಾರರು ತಮ್ಮ ಲ್ಯಾಬನ್ನು ತಂಪು ಹವೆಯ ಬೆಂಗಳೂರಿನಲ್ಲಿಟ್ಟರು. ಮದ್ರಾಸಿನಲ್ಲಿ ತೆಗೆದದ್ದನ್ನು ವಾರದ ಕೊನೆಗೆ ರೈಲಿನಲ್ಲಿ ಬೆಂಗಳೂರಿಗೆ ತಂದು ತೊಳೆಯುತ್ತಿದ್ದರು. ಹಾಗೆ ನೋಡಿದರೆ, ದಕ್ಷಿಣದ ಮೊದಲ ಕೀಚಕ ಮೊಟ್ಟಮೊದಲು ಕಣ್ಣಿಗೆ ಬಿದ್ದದ್ದು ಬೆಂಗಳೂರಿನ ಯಾವುದೋ ಕತ್ತಲೆ ಕೋಣೆಯ ತೊಟ್ಟಿಯಲ್ಲಿ.

ಮೊದಲಿಯಾರರು ಇನ್ನೂ ಕೆಲವು ಪೌರಾಣಿಕ ಚಿತ್ರ ತೆಗೆದರು. ಆಮೇಲೆ ಸ್ಟುಡಿಯೋಕ್ಕೆ ಬೆಂಕಿ ಬಿತ್ತು, ಮಗ ತೀರಿಕೊಂಡ. 1923ರಲ್ಲಿ ಸಿನಿಮಾ ಬಿಟ್ಟರು. 1971ರವರೆಗೂ ಅವರು ಬದುಕಿದ್ದರು. ಅವರ ಚಿತ್ರ ಮಾತ್ರ ಅವರಿಗಿಂತ ಎಷ್ಟೋ ಮುಂಚೆ ಹೋಗಿತ್ತು.

ಇನ್ನು ಕೊಲ್ಲಾಪುರಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಈ ಕಥೆಗೆ ಬಡಿಗತನದ ವಾಸನೆ ಇದೆ.

ಬಾಬುರಾವ್ ಹುಟ್ಟಿದ್ದು 1890ರ ಜೂನ್ 3ರಂದು, ಮಿಸ್ತ್ರಿಗಳ ಮನೆಯಲ್ಲಿ. ಹೆಸರೂ ಬಾಬುರಾವ್ ಕೃಷ್ಣರಾವ್ ಮಿಸ್ತ್ರಿ. ಚಿಕ್ಕಂದಿನಿಂದಲೇ ಕೈಯಲ್ಲಿ ಉಳಿ, ಬಣ್ಣದ ಕುಂಚ. ಅಣ್ಣನ ವರಸೆಯ ಆನಂದರಾವ್ ಜೊತೆ ಸೇರಿ ನಾಟಕ ಕಂಪನಿಗಳಿಗೆ ಪಡದೆ ಬರೆಯುವುದು ಅವರ ಕಸುಬಾಯಿತು. ಅರಮನೆ, ಕಾಡು, ರಾಜಬೀದಿ, ಅಂತಃಪುರ. ಆಗಿನ ಕಂಪನಿ ನಾಟಕದಲ್ಲಿ ಪಡದೆ ಚೆನ್ನಾಗಿದ್ದರೆ ಅದಕ್ಕೇ ಒಂದು ಚಪ್ಪಾಳೆ. ಆ ಕೆಲಸದಲ್ಲಿ ಇಬ್ಬರೂ ಎಷ್ಟು ಹೆಸರಾದರೆಂದರೆ ಮಿಸ್ತ್ರಿ ಹೋಗಿ 'ಪೇಂಟರ್' ಎಂಬುದೇ ಅಡ್ಡಹೆಸರಾಯಿತು. ಇವರು ಪಡದೆ ಬರೆದುಕೊಟ್ಟ ಕಂಪನಿಗಳಲ್ಲಿ ಕೇಶವರಾವ್ ಭೋಸಲೆಯವರ 'ಲಲಿತಕಲಾದರ್ಶ'ವೂ ಒಂದು. ಆ ಮರಾಠಿ ಕಂಪನಿ 1908ರಲ್ಲಿ ಶುರುವಾದದ್ದು ನಮ್ಮ ಹುಬ್ಬಳ್ಳಿಯಲ್ಲಿ. ಕಲಾವಿದರಿಗೆ ಆಗ ಗಡಿ ಇರಲಿಲ್ಲ, ಪ್ರೇಕ್ಷಕರಿರುವ ಊರಷ್ಟೇ ಇತ್ತು.

ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' 1913ರಲ್ಲಿ ಬಂದ ಮೇಲೆ ಈ ಇಬ್ಬರಿಗೂ ಸಿನಿಮಾದ ಗೀಳು ಹತ್ತಿತು. ಕ್ಯಾಮೆರಾ ಕೊಳ್ಳೋಣವೆಂದರೆ ಅದು ಪರದೇಶದಿಂದ ಬರಬೇಕು, ಮೊದಲ ಮಹಾಯುದ್ಧ ಬೇರೆ. ಅವರು ಮಾಡಿದ್ದು ಏನೆಂದರೆ, ಚಿತ್ರ ತೋರಿಸುವ ಪ್ರೊಜೆಕ್ಟರನ್ನು ಬಿಚ್ಚಿ, ಅದು ಹೇಗೆ ಕೆಲಸ ಮಾಡುತ್ತದೆಂದು ನೋಡಿ, ಅದೇ ಲೆಕ್ಕದ ಮೇಲೆ ಕ್ಯಾಮೆರಾ ಕಟ್ಟಲು ಕೂತರು. ಎರಡರ ಹೊಟ್ಟೆಯೊಳಗಿನ ಕೆಲಸ ಒಂದೇ. ಫಿಲ್ಮಿನ ಅಂಚಿನ ತೂತಿಗೆ ಕೊಕ್ಕೆ ಸಿಕ್ಕಿಸಿ ಒಂದು ಚೌಕಟ್ಟನ್ನು ಎಳೆಯಬೇಕು, ಕ್ಷಣ ನಿಲ್ಲಿಸಬೇಕು, ಮತ್ತೆ ಎಳೆಯಬೇಕು. ಪ್ರೊಜೆಕ್ಟರಿನಲ್ಲಿ ಬೆಳಕು ಒಳಗಿನಿಂದ ಹೊರಗೆ ಬರುತ್ತದೆ, ಕ್ಯಾಮೆರಾದಲ್ಲಿ ಹೊರಗಿನಿಂದ ಒಳಗೆ. ಹೇಳಿದಷ್ಟು ಸುಲಭವಲ್ಲ. ಹಲ್ಲುಚಕ್ರ ಕೂದಲೆಳೆಯಷ್ಟು ತಪ್ಪಿದರೂ ಪಡದೆಯ ಮೇಲೆ ಭೀಮಸೇನ ಕುಣಿಯುತ್ತಾನೆ.

1916ರಲ್ಲಿ ಆನಂದರಾವ್ ತೀರಿಕೊಂಡರು. ಕ್ಯಾಮೆರಾ ಇನ್ನೂ ಮುಗಿದಿರಲಿಲ್ಲ. ಬಾಬುರಾವ್ ಬಿಡಲಿಲ್ಲ. ವಿಷ್ಣುಪಂತ ದಾಮ್ಲೆ ಎಂಬ ಶಿಷ್ಯನನ್ನು ಜೊತೆಗೆ ಹಾಕಿಕೊಂಡು, ಲೇತ್ ಯಂತ್ರದ ಮುಂದೆ ಕೂತು, ಒಂದೊಂದೇ ಭಾಗವನ್ನು ಕಡೆದು 1918ರ ಹೊತ್ತಿಗೆ ಕ್ಯಾಮೆರಾ ಮುಗಿಸಿದರು. ಈ ದೇಶದಲ್ಲಿ ದೇಶದವರೇ ಮಾಡಿದ ಮೊದಲ ಸಿನಿಮಾ ಕ್ಯಾಮೆರಾ ಅದು ಎನ್ನುತ್ತಾರೆ. ಕೊಲ್ಲಾಪುರದಲ್ಲಿ ಅದರ ನೆನಪಿಗೆ ಒಂದು ಕಂಬ ನಿಲ್ಲಿಸಿದ್ದಾರೆ.

ಕ್ಯಾಮೆರಾ ಆಯಿತು, ದುಡ್ಡು? ಸಾವುಕಾರರು ಕೊಡಲಿಲ್ಲ. ಕೊಟ್ಟವರು ತಾನೀಬಾಯಿ ಕಾಗಲಕರ ಎಂಬ ಗಾಯಕಿ. ಕಾಗಲಕರ ಎಂದರೆ ನಾನು ಆಗಲೇ ಹೇಳಿದ ಹೆದ್ದಾರಿಯ ಮೇಲಿನ ಅದೇ ಕಾಗಲದ ಹೆಸರು. ಹಾಡಿ ಗಳಿಸಿದ ಹಣವನ್ನು ಹಾಡೇ ಇಲ್ಲದ ಸಿನಿಮಾಕ್ಕೆ ಹಾಕಿದ ಆ ಹೆಣ್ಣುಮಗಳ ಹೆಸರು ಸಿನಿಮಾ ಇತಿಹಾಸದ ಪುಸ್ತಕಗಳಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತದೆ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ಧೈರ್ಯದ ಕೆಲಸ ಅವರದೇ. ಶಾಹು ಮಹಾರಾಜರು ಜಾಗ ಕೊಟ್ಟರು, ವಿದ್ಯುತ್ತಿನ ಅನುಕೂಲ ಮಾಡಿಕೊಟ್ಟರು. 'ಮಹಾರಾಷ್ಟ್ರ ಫಿಲ್ಮ್ ಕಂಪನಿ' ನಿಂತಿತು.

ಮೊದಲ ಕಥೆ 'ಸೈರಂಧ್ರಿ'. ಖಾಡಿಲಕರರ ನಾಟಕದ ಮೇಲೆ ನಿಷೇಧ ಇನ್ನೂ ಇದ್ದೇ ಇತ್ತು. ಆದರೆ ಹೆಸರಿನಲ್ಲಿ ಕೀಚಕ ಇಲ್ಲ, ಬಾಯಲ್ಲಿ ಮಾತಿಲ್ಲ, ಎದುರಿಗಿರುವುದು ಪುರಾಣ. ಮಾತು ಬಾರದ ಸಿನಿಮಾಕ್ಕೆ ಇದ್ದ ಸೌಕರ್ಯ ಇದು. ಪ್ರೇಕ್ಷಕ ತನಗೆ ಬೇಕಾದ ಮಾತನ್ನು ತಾನೇ ಸೇರಿಸಿಕೊಳ್ಳುತ್ತಾನೆ, ಅವನ ಮನಸ್ಸಿನ ಮಾತನ್ನು ಯಾವ ಸೆನ್ಸಾರ್ ತಾನೇ ಕತ್ತರಿಸೀತು?

ಪಾತ್ರಕ್ಕೆ ಜನ ಬೇಕಲ್ಲ. ಕೊಲ್ಲಾಪುರ ಗರಡಿಮನೆಗಳ ಊರು. ಶಾಹು ಮಹಾರಾಜರು ಕುಸ್ತಿಗಾಗಿ ಖಾಸಬಾಗ ಮೈದಾನವನ್ನೇ ಕಟ್ಟಿಸಿದವರು. ಭೀಮನಿಗೂ ಕೀಚಕನಿಗೂ ತಕ್ಕ ಮೈಕಟ್ಟನ್ನು ಹುಡುಕಿಕೊಂಡು ಬೇರೆ ಊರಿಗೆ ಹೋಗಬೇಕಾಗಿರಲಿಲ್ಲ. ಬಾಳಾಸಾಹೇಬ ಯಾದವ ಭೀಮನಾದರು, ಝುಂಜಾರರಾವ್ ಪವಾರ ಕೀಚಕನಾದರು. ಕಷ್ಟವಿದ್ದದ್ದು ಹೆಣ್ಣು ಪಾತ್ರಕ್ಕೆ. 'ರಾಜಾ ಹರಿಶ್ಚಂದ್ರ'ದಲ್ಲಿ ಫಾಲ್ಕೆಯವರ ತಾರಾಮತಿ ಸಾಳುಂಕೆ ಎಂಬ ಗಂಡಸು ಎಂಬುದು ನಿಮಗೆ ಗೊತ್ತಿರಬಹುದು. 1913ರಲ್ಲೇ ಫಾಲ್ಕೆಯವರ ಇನ್ನೊಂದು ಚಿತ್ರದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಮಗಳು ಕಮಲಾಬಾಯಿ ನಟಿಸಿದ್ದರೂ ಆ ದಾರಿ ಹಿಡಿದವರು ತೀರ ಕಡಿಮೆ. ಬಾಬುರಾವ್ ಹಟ ಹಿಡಿದು ಗುಲಾಬಬಾಯಿ, ಅನಸೂಯಾಬಾಯಿ ಎಂಬ ಇಬ್ಬರನ್ನು ಒಪ್ಪಿಸಿದರು. ಪಡದೆಗಾಗಿ ಅವರಿಗೆ ಕಮಲಾದೇವಿ, ಸುಶೀಲಾದೇವಿ ಎಂದು ಹೊಸ ಹೆಸರಿಟ್ಟರು. ಕ್ಯಾಮೆರಾದ ಮುಂದೆ ನಿಂತದ್ದಕ್ಕೆ ಅವರು ಸಮಾಜದಿಂದ ಕೇಳಬೇಕಾದ ಮಾತೆಲ್ಲ ಕೇಳಿದರು. ನಮ್ಮ ಗೋಕಾಕ ಸೀಮೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಶ್ರೀಕೃಷ್ಣ ಪಾರಿಜಾತವನ್ನು ಕುಲಗೋಡ ತಮ್ಮಣ್ಣ ಮನೆಮಾತು ಮಾಡಿದ ನೆಲ ಇದು, ಮುಂದೆ ಅದೇ ಪಾರಿಜಾತದಿಂದ ಕೌಜಲಗಿ ನಿಂಗಮ್ಮ ಹೆಸರಾದರು. ಆಟ ನೋಡಿ ತಲೆದೂಗಿದ ಜನರೇ ಬೆಳಗಾದ ಮೇಲೆ ಅಟ್ಟ ಏರಿದ ಹೆಣ್ಣನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರೆಂದು ಹಳಬರಿಗೆ ಗೊತ್ತಿದೆ.

ಚಿತ್ರೀಕರಣವೆಲ್ಲ ಬಿಸಿಲಿನಲ್ಲಿ. ಕೃತಕ ದೀಪವನ್ನು ಬಾಬುರಾವ್ ಬಳಸಿದ್ದು ಕೆಲವು ವರ್ಷ ಕಳೆದ ಮೇಲೆ, 1923ರ 'ಸಿಂಹಗಡ'ದಲ್ಲಿ. ಹಾಗಾಗಿ ನಡುರಾತ್ರಿಯ ಕೀಚಕವಧೆಯನ್ನೂ ಹಗಲು ಬೆಳಕಿನಲ್ಲೇ ತೆಗೆಯಬೇಕು. ಕ್ಯಾಮೆರಾದ ಹಿಡಿಕೆಯನ್ನು ಒಂದೇ ಹದದಲ್ಲಿ ತಿರುಗಿಸುತ್ತಿರಬೇಕು. ಹಿಂದೆ ಬಣ್ಣದ ಪಡದೆ ಇಳಿಬಿಟ್ಟು ಮುಂದೆ ಆಡಿಸುವ ನಾಟಕದ ಪದ್ಧತಿ ಅವರಿಗೆ ಸಾಕಾಗಿತ್ತು. ಪಡದೆ ಬರೆದೇ ಹೊಟ್ಟೆ ಹೊರೆದ ಮನುಷ್ಯ ಸಿನಿಮಾಕ್ಕೆ ಬಂದಾಗ ಪಡದೆಯನ್ನು ತೆಗೆದು, ಆಳ ಅಗಲ ಇರುವ ಸೆಟ್ಟು ಕಟ್ಟಿಸಿದರು. ಪ್ರತಿಯೊಂದು ದೃಶ್ಯವನ್ನೂ ಉಡುಗೆ ತೊಡುಗೆಯ ಸಮೇತ ಮೊದಲು ಕಾಗದದ ಮೇಲೆ ತಾವೇ ಬರೆದುಕೊಳ್ಳುತ್ತಿದ್ದರು.

1920ರ ಫೆಬ್ರವರಿ 7ರಂದು ಪುಣೆಯ ಆರ್ಯನ್ ಸಿನಿಮಾದಲ್ಲಿ 'ಸೈರಂಧ್ರಿ' ತೆರೆಕಂಡಿತು. ಭೀಮ ಕೀಚಕನನ್ನು ಕೊಲ್ಲುವ ದೃಶ್ಯ ಎಷ್ಟು ನಿಜವೆನಿಸಿತೆಂದರೆ ಸಭೆಯಲ್ಲಿ ಕಿರುಚಾಟವಾಯಿತೆಂದು ಸಿನಿಮಾ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಸರ್ಕಾರ ಆ ದೃಶ್ಯಕ್ಕೆ ಕತ್ತರಿ ಹಾಕಿಸಿತು. ಚಿತ್ರ ನೋಡಿದ ಟಿಳಕರು ಬಾಬುರಾವ್ ಅವರಿಗೆ 'ಸಿನಿಮಾ ಕೇಸರಿ' ಎಂಬ ಬಿರುದು ಕೊಟ್ಟರು. ತಮ್ಮ ಪತ್ರಿಕೆಯ ಹೆಸರನ್ನೇ ಕೊಟ್ಟಂತಾಯಿತು. ಅದೇ ವರ್ಷದ ಆಗಸ್ಟ್ 1ರಂದು ಟಿಳಕರು ತೀರಿಕೊಂಡರು. ಖಾಡಿಲಕರರ ನಾಟಕ ನಿಷೇಧವಾದದ್ದನ್ನು ಬಲ್ಲ ಆ ಹಿರಿಯರು ಸಾಯುವ ಮುನ್ನ ಅದೇ ಕೀಚಕ ಪುಣೆಯಲ್ಲಿ ಸಾವಿರಾರು ಜನರೆದುರು ಸಾಯುವುದನ್ನು ಕಂಡುಹೋದರು. ಟಿಳಕರು ನೋಡಿದ ಆ ದೃಶ್ಯವನ್ನು ನಾವು ನೋಡಲಾರೆವು.

ಆಮೇಲಿನ ಕಥೆಯನ್ನು ಬೇಗ ಹೇಳುತ್ತೇನೆ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲೂ ಅಲ್ಲಿಯ ಸಿನಿಮಾ ಮಂದಿರದಲ್ಲೂ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ ಒಬ್ಬ ಹುಡುಗ 1920ರಲ್ಲಿ ಬಾಬುರಾವ್ ಅವರ ಕಂಪನಿ ಸೇರಿದ. ಅವನೇ ಮುಂದೆ ವಿ. ಶಾಂತಾರಾಮ್ ಆದದ್ದು. 1925ರಲ್ಲಿ ಬಂದ 'ಸಾವಕಾರಿ ಪಾಶ್' ಚಿತ್ರದಲ್ಲಿ ಸಾಲಕ್ಕೆ ಹೊಲ ಕಳೆದುಕೊಂಡು ಪಟ್ಟಣದ ಗಿರಣಿಗೆ ಕೂಲಿಗೆ ಹೋಗುವ ತರುಣ ರೈತನ ಪಾತ್ರ ಶಾಂತಾರಾಮ್ ಅವರದು. ಗೋಕಾಕ ಫಾಲ್ಸ್‌ನ ಗಿರಣಿ ಕಂಡ ನಮ್ಮ ಸೀಮೆಗೆ ಆ ಕಥೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ದೇವರು ರಾಕ್ಷಸರನ್ನು ಬಿಟ್ಟು ಬಡ್ಡಿಯ ಬಗ್ಗೆ ಮಾತಾಡಿದ ಆ ಮೂಕಿಯೂ ಇವತ್ತು ಇಲ್ಲ. 'ಸೈರಂಧ್ರಿ' ಹೋದದ್ದಕ್ಕಿಂತ ಇದು ಹೋದದ್ದು ದೊಡ್ಡ ನಷ್ಟವೆಂದು ನನ್ನ ಅಭಿಪ್ರಾಯ. ಕೀಚಕನ ಕಥೆ ಬೇರೆ ನೂರು ಕಡೆ ಸಿಗುತ್ತದೆ, 1925ರ ಹಳ್ಳಿಯ ಬಡ ರೈತನ ಮುಖ ಎಲ್ಲಿ ಸಿಕ್ಕೀತು? 1929ರ ಜೂನ್ 1ರಂದು ಶಾಂತಾರಾಮ್, ದಾಮ್ಲೆ, ಫತ್ತೇಲಾಲ್, ಧಾಯಬರ್ ಹೊರಬಂದು 'ಪ್ರಭಾತ್' ಕಂಪನಿ ಕಟ್ಟಿದರು. ಕೈಯೆಲ್ಲ ಹೋದ ಮೇಲೆ ಗುರುವಿನ ಕಂಪನಿ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಬಾಬುರಾವ್ ಮತ್ತೆ ಚಿತ್ರಕಲೆಗೆ, ಶಿಲ್ಪಕ್ಕೆ ಮರಳಿದರು. 1954ರಲ್ಲಿ ತೀರಿಕೊಂಡರು.

ಈಗ ಮುಖ್ಯ ಪ್ರಶ್ನೆ. ಸಾವಿರಾರು ಜನ ನೋಡಿದ ಚಿತ್ರ ಹೇಗೆ ಕಾಣೆಯಾಗುತ್ತದೆ?

ಅಂದಿನ ಫಿಲ್ಮು ನೈಟ್ರೇಟಿನದು. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ಮಾಡುವ ಈ ವಸ್ತು ಸಿಡಿಮದ್ದಿನ ದಾಯಾದಿ. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಬೆಂಕಿ ಬೀಳದಿದ್ದರೂ ಸೆಕೆಗೆ ತಾನಾಗಿ ಕೊಳೆಯುತ್ತದೆ. ಮೊದಲು ಚಿತ್ರ ಮಾಸುತ್ತದೆ, ಆಮೇಲೆ ಸುರುಳಿ ಅಂಟಂಟಾಗುತ್ತದೆ, ಕೊನೆಗೆ ಡಬ್ಬಿಯ ಮುಚ್ಚಳ ತೆಗೆದರೆ ಕಂದು ಪುಡಿ. ಇದು ರಸಾಯನ ಮಾಡಿದ ಹಾನಿ.

ಮನುಷ್ಯರು ಮಾಡಿದ್ದು ಬೇರೆ. ಫಿಲ್ಮಿನ ಲೇಪದಲ್ಲಿ ಬೆಳ್ಳಿ ಇರುತ್ತದೆ. ಚಿತ್ರ ಓಡಿ ಹಳೆಯದಾಯಿತು, ಇನ್ನು ಬಾಡಿಗೆಗೆ ಯಾರೂ ಕೇಳುವುದಿಲ್ಲ ಎಂದಾದಾಗ ಮಾಲೀಕ ಡಬ್ಬಿಗಟ್ಟಲೆ ರೀಲುಗಳನ್ನು ತೂಕಕ್ಕೆ ಮಾರುತ್ತಿದ್ದ. ಕೊಂಡವನು ಬೆಳ್ಳಿ ತೆಗೆದುಕೊಂಡು, ಉಳಿದ ಪಟ್ಟಿಯನ್ನು ಬಳೆಗೋ ಚೀಲಕ್ಕೋ ಕೊಡುತ್ತಿದ್ದ. 1931ರಲ್ಲಿ ಮಾತು ಬಂದ ಮೇಲಂತೂ ಮೂಕಿಗಳಿಗೆ ಕಾಸಿನ ಬೆಲೆಯೂ ಉಳಿಯಲಿಲ್ಲ. ಹಾಗೆಂದು ಮಾತು ಬಂದವುಗಳ ಗತಿಯೇನೂ ಮೇಲಲ್ಲ. ಭಾರತದ ಮೊದಲ ಟಾಕಿ 'ಆಲಂ ಆರಾ'ದ ಕೊನೆಯ ರೀಲುಗಳೂ ಬೆಳ್ಳಿಗಾಗಿಯೇ ಹೋದವೆಂದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ಪಿ.ಕೆ. ನಾಯರ್ ಹೇಳುತ್ತಿದ್ದರು. ಆ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಅಷ್ಟು ಹೊತ್ತಿಗೆ ಮೂಕಿಗಳ ಕಾಲ ಮುಗಿದು ಮೂವತ್ತು ವರ್ಷವಾಗಿತ್ತು. ಸಂಗ್ರಹಕ್ಕೆ ಸೇರಿದವುಗಳಿಗೂ ಕಾಟ ತಪ್ಪಲಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿದ್ದ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು ಎಷ್ಟೋ ಮೂಲಪ್ರತಿಗಳು ಬೂದಿಯಾದವು. ಸಾವಿರದ ಮುನ್ನೂರಕ್ಕೂ ಹೆಚ್ಚು ಮೂಕಿಗಳು ತಯಾರಾದ ದೇಶದಲ್ಲಿ ಇಡಿಯಾಗಿಯೋ ತುಂಡಾಗಿಯೋ ಉಳಿದವು ಮೂವತ್ತರ ಆಸುಪಾಸು.

ಇದನ್ನೆಲ್ಲ ಕಾಲದ ಮಹಿಮೆ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಸಿನಿಮಾವನ್ನು ಸುಗ್ಗಿಯ ಮಾಲೆಂದು ನೋಡಿದೆವು, ಸುಗ್ಗಿ ಮುಗಿದ ಮೇಲೆ ಅದನ್ನು ಇಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಉಳಿದವು ಹೇಗೆ ಉಳಿದವೆಂದು ನೋಡಿದರೆ ಈ ಮಾತು ಖಾತ್ರಿಯಾಗುತ್ತದೆ. ತಿರುವಾಂಕೂರಿನ 'ಮಾರ್ತಾಂಡವರ್ಮ' ಎಂಬ ಮೂಕಿ ಇವತ್ತು ನೋಡಲು ಸಿಗುತ್ತದೆ. ಕಾರಣ ಅದರ ಮೇಲಿನ ಪ್ರೀತಿಯಲ್ಲ, ಕೋರ್ಟಿನ ಜಗಳ! ಕಾದಂಬರಿಯ ಹಕ್ಕು ಕೊಳ್ಳದೆ ಚಿತ್ರ ತೆಗೆದರೆಂದು ಪುಸ್ತಕದ ಪ್ರಕಾಶಕರು ದಾವೆ ಹೂಡಿದರು, ಪ್ರದರ್ಶನ ನಿಂತಿತು, ಪ್ರಿಂಟು ಪ್ರಕಾಶಕರ ವಶಕ್ಕೆ ಬಂತು, ದಶಕಗಳ ಕಾಲ ಅಲ್ಲೇ ಕೂತಿತು. ಗೆದ್ದು ಓಡಿದ ಚಿತ್ರಗಳು ಓಡಿ ಓಡಿ ಸವೆದು ಸತ್ತವು, ಜಪ್ತಿಯಾದದ್ದು ಬದುಕಿತು. 'ಬಿಲ್ವಮಂಗಲ' ಎಂಬ 1919ರ ಬಂಗಾಳದ ಮೂಕಿಯ ಒಂದು ಭಾಗ ಫ್ರಾನ್ಸಿನ ಸಂಗ್ರಹಾಲಯದಲ್ಲಿ ಸಿಕ್ಕಿ, 2016ರಲ್ಲಿ ಅದರ ಪ್ರತಿ ನಮಗೆ ಬಂತು. ಎನಾಕ್ಷಿ ರಾಮರಾವ್ ನಾಯಕಿಯಾಗಿದ್ದ 'ಶಿರಾಜ್' ಇಂಗ್ಲೆಂಡಿನಲ್ಲಿತ್ತು, ಉಳಿಯಿತು. ಅದೇ ಎನಾಕ್ಷಿ ನಾಯಕಿಯಾಗಿ, ಕಮಲಾದೇವಿ ಚಟ್ಟೋಪಾಧ್ಯಾಯರೂ ನಮ್ಮ ಟಿ.ಪಿ. ಕೈಲಾಸಂ ಅವರೂ ನಟಿಸಿದ ಮೋಹನ್ ಭವನಾನಿಯವರ 'ವಸಂತಸೇನಾ' ನಮ್ಮಲ್ಲಿತ್ತು, ಹೋಯಿತು. ಕೈಲಾಸಂ ಅವರ ಮುಖಭಾವವನ್ನು ಕಂಡವರು ಬರೆದದ್ದನ್ನು ಓದಿ ನಗುವ ನಾವು ಆ ಮುಖ ಓಡಾಡಿದ್ದನ್ನು ನೋಡುವ ಭಾಗ್ಯ ಕಳೆದುಕೊಂಡೆವು.

ಕೊಲ್ಲಾಪುರಕ್ಕೆ ಇನ್ನೊಂದು ಸಲ ಹೋಗಿ ಬರೋಣ, ಯಾಕೆಂದರೆ ಕನ್ನಡದ ದೊಡ್ಡ ನಷ್ಟವೂ ಅಲ್ಲಿಗೇ ಸೇರಿದೆ. ನಮ್ಮ ಮೊದಲ ಕನ್ನಡ ಟಾಕಿ 'ಸತೀ ಸುಲೋಚನಾ' ತಯಾರಾದದ್ದು ಕೊಲ್ಲಾಪುರದ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ. ವೈ.ವಿ. ರಾವ್ ನಿರ್ದೇಶನ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಾಹಿತ್ಯ, ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಅದು ತೆರೆಕಂಡಿತು. ಕನ್ನಡದ ಪಡದೆ ಮೊದಲು ಆಡಿದ ಮಾತು ನಮ್ಮ ಯಮಕನಮರಡಿಯ ಮುಂದಿನ ಹೆದ್ದಾರಿಯ ಮೇಲಿನ ಕೊಲ್ಲಾಪುರದಲ್ಲಿ ದಾಖಲಾಯಿತು. ಅದರ ಪ್ರತಿಯೂ ಇವತ್ತು ಇಲ್ಲ. ಪ್ರತಿವರ್ಷ ಮಾರ್ಚ್ 3 ಬಂದಾಗ ಕನ್ನಡ ಚಿತ್ರರಂಗ ಸಂಭ್ರಮಿಸುತ್ತದೆ. ಸಂಭ್ರಮಿಸುವವರಲ್ಲಿ ಒಬ್ಬರೂ ಆ ಚಿತ್ರವನ್ನು ನೋಡಿದವರಿಲ್ಲ.

ಹಾಗಾದರೆ ಉಳಿದಿರುವುದಾದರೂ ಏನು? ಕಾಗದ. ಬಾಬುರಾವ್ ತಮ್ಮ ಚಿತ್ರಗಳಿಗೆ ತಾವೇ ಜಾಹೀರಾತಿನ ಚಿತ್ರ ಬರೆಯುತ್ತಿದ್ದರು, ಕಥೆಯ ಸಾರಾಂಶವಿರುವ ಕಿರುಹೊತ್ತಗೆಗಳನ್ನು ಅಚ್ಚು ಹಾಕಿಸಿ ಹಂಚಿಸುತ್ತಿದ್ದರು. 1924ರ 'ಕಲ್ಯಾಣ ಖಜಿನಾ'ದ ಕಲ್ಲಚ್ಚಿನ ಭಿತ್ತಿಚಿತ್ರವನ್ನು ಇವತ್ತಿಗೂ ಸಿನಿಮಾ ಕಲೆಯ ಪುಸ್ತಕಗಳಲ್ಲಿ ಅಚ್ಚು ಹಾಕುತ್ತಾರೆ. ಚಿತ್ರ ಸತ್ತರೂ ಚಿತ್ರದ ಚೀಟಿ ಬದುಕುತ್ತದೆ.

ಅದಕ್ಕೇ ಕೇಳುಗರಲ್ಲಿ ನನ್ನದೊಂದು ವಿನಂತಿ. ಈ ಸೀಮೆಯಲ್ಲಿ ಟೆಂಟ್ ಸಿನಿಮಾ, ಟೂರಿಂಗ್ ಟಾಕೀಸ್ ನಡೆಸಿದ ಮನೆತನಗಳಿವೆ. ಜಾತ್ರೆಗೆ ಡೇರೆ ಹಾಕಿದವರು, ಪ್ರೊಜೆಕ್ಟರ್ ಓಡಿಸಿದವರು, ಹಳೆಯ ಚಿತ್ರಮಂದಿರದ ಪಾಲುದಾರರು. ನಿಮ್ಮ ಅಟ್ಟದ ಮೇಲೆ, ದನದ ಕೊಟ್ಟಿಗೆಯ ಮೂಲೆಯಲ್ಲಿ, ಅಜ್ಜನ ಟ್ರಂಕಿನಲ್ಲಿ ತಗಡಿನ ದುಂಡನೆಯ ಡಬ್ಬಿಗಳಿದ್ದರೆ ಗುಜರಿಗೆ ಹಾಕಬೇಡಿ. ಬಿಸಿಲಿಗೆ ಇಡಬೇಡಿ, ಹತ್ತಿರ ಬೀಡಿ ಹಚ್ಚಬೇಡಿ, ದೀಪ ಒಯ್ಯಬೇಡಿ. ಏನಿದೆ ನೋಡೋಣವೆಂದು ಪ್ರೊಜೆಕ್ಟರಿಗೆ ಹಾಕುವುದಂತೂ ಬೇಡವೇ ಬೇಡ, ಒಣಗಿದ ಫಿಲ್ಮು ಹರಿದುಹೋಗುತ್ತದೆ. ಮಕ್ಕಳ ಕೈಗೆ ಸಿಗದ ತಂಪು ಜಾಗದಲ್ಲಿಟ್ಟು, ಡಬ್ಬಿಯ ಮೇಲೆ ಬರೆದದ್ದನ್ನು ಒಂದು ಕಾಗದಕ್ಕೆ ಇಳಿಸಿಕೊಂಡು, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ ಬೆಂಗಳೂರಿನ ಕರ್ನಾಟಕ ಚಲನಚಿತ್ರ ಅಕಾಡೆಮಿಗೋ ತಿಳಿಸಿ. ಡಬ್ಬಿಗಳಿಲ್ಲದಿದ್ದರೂ ಚಿಂತೆಯಿಲ್ಲ. ಆಟದ ಕರಪತ್ರ, ಹಾಡಿನ ಪುಸ್ತಕ, ಟಿಕೆಟ್ಟಿನ ಅರ್ಧ, ಡೇರೆಯ ಜಮಾಖರ್ಚಿನ ವಹಿ, ಯಾವ ಊರಿನಲ್ಲಿ ಯಾವ ಚಿತ್ರ ಎಷ್ಟು ದಿನ ಓಡಿತೆಂದು ಅಜ್ಜ ಬರೆದಿಟ್ಟ ಚೀಟಿ, ಎಲ್ಲವೂ ಬೇಕು. ಇಂಥದ್ದು ನಿಮ್ಮಲ್ಲಿದ್ದರೆ ಈ ವಾರವೇ ಒಮ್ಮೆ ಹೊರತೆಗೆದು ನೋಡಿ.